ತೋಟದ ಮನೆಯಲ್ಲಿ ‘ಆನಿ ಹಾಲ್’: ಹತ್ತು ಜನ ಕೂತು ನೋಡಲು ಬೇಕಾದ ತಯಾರಿ

ವುಡಿ ಅಲೆನ್ 1977ರಲ್ಲಿ ತೆಗೆದ ‘ಆನಿ ಹಾಲ್’ 93 ನಿಮಿಷದ ಪ್ರೇಮಹಾಸ್ಯ. ನಲವತ್ತಕ್ಕೆ ಬಿದ್ದ ಆಲ್ವಿ ಸಿಂಗರ್ ಎಂಬ ನ್ಯೂಯಾರ್ಕಿನ ಹಾಸ್ಯಗಾರ, ಆನಿ ಜೊತೆಗಿನ ಸಂಬಂಧ ಎಲ್ಲಿ ಹಳಿ ತಪ್ಪಿತು ಅಂತ ಕೆದಕುತ್ತಾ ಹೋಗ್ತಾನೆ. ಕಥೆ ಅಂತ ಇರೋದು ಇಷ್ಟೇ. ಸುಮ್ಮನಿರಲಾರದೆ ಇರುವೆ ಬಿಟ್ಕೊಳ್ಳೋ ಆಸಾಮಿ ಅವನು. ಹೊತ್ತಿಲ್ಲದ ಹೊತ್ತಲ್ಲಿ ಸಾವಿನ ಚಿಂತೆ, ಎದುರಿಗೆ ಬಂದವರೆಲ್ಲ ತನ್ನನ್ನೇ ಆಡಿಕೊಳ್ತಿದ್ದಾರೆ ಅನ್ನೋ ಗುಮಾನಿ, ಹದಿನೈದು ವರ್ಷದಿಂದ ಮನೋವಿಶ್ಲೇಷಕರ ಬಳಿ ಓಡಾಟ. ಇವೆಲ್ಲ ಬರೋದು ಮಾತಿನಲ್ಲಿ. ಹಿನ್ನೆಲೆ ಸಂಗೀತ ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ಹಾಗಾಗಿ ಮಾತು ಕೇಳಿಸದಿದ್ದರೆ, ಕೆಳಗೆ ಬರುವ ಸಬ್‌ಟೈಟಲ್ ಸಾಲು ಓದಲಾಗದಿದ್ದರೆ, ಪರದೆ ಎಷ್ಟು ದೊಡ್ಡದಿದ್ದರೂ ದಂಡ. ಕೆಳಗೆ ಹೇಳಿರುವ ತಯಾರಿಯೆಲ್ಲ ಮಾತಿಗಾಗಿಯೇ.

ದಿನ ಮತ್ತು ಹೊತ್ತು

ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರ ಕಡೆ ನವೆಂಬರ್‌ನಿಂದ ಅರೇಬಿಕಾ ಕೊಯ್ಲು, ಜನವರಿಯಿಂದ ರೊಬಸ್ಟಾ. ಆಗ ತೋಟದವರನ್ನು ಕರೆದರೆ ಬರೋದಿಲ್ಲ, ಬಂದವರೂ ಆಳಿನ ಲೆಕ್ಕದ ಫೋನಿನಲ್ಲೇ ಇರ್ತಾರೆ. ಕಣದಲ್ಲಿ ಪರದೆ ಕಟ್ಟಿ ಬಯಲಲ್ಲಿ ತೋರಿಸೋ ಆಸೆ ಬಹಳ ಜನಕ್ಕೆ ಇದೆ. ಈ ಸಿನಿಮಾಕ್ಕೆ ಅದು ಬೇಡ. ಚಳಿಗಾಲದಲ್ಲಿ ಏಳೂವರೆ ಹೊತ್ತಿಗೆ ಇಬ್ಬನಿ ಇಳಿದು ಲೆನ್ಸ್ ಮಂಜಾಗುತ್ತೆ. ಏಪ್ರಿಲ್, ಮೇ ತಿಂಗಳ ಮೊದಲ ಮಳೆ ಬಿದ್ದ ಸಂಜೆ ರೆಕ್ಕೆ ಗೆದ್ದಲು ಬೆಳಕಿಗೆ ಮುತ್ತಿ ಪ್ರೊಜೆಕ್ಟರಿನ ಗಾಳಿಕಿಂಡಿ ಕಟ್ಟಿಕೊಳ್ಳುತ್ತೆ. ಜುಲೈ, ಆಗಸ್ಟಲ್ಲಿ ಎಲ್ಲರಿಗೂ ಬಿಡುವು ನಿಜ, ಆದರೆ ತಗಡಿನ ಮಾಡಿನ ಮೇಲೆ ಮಳೆ ಸುರಿಯೋವಾಗ ಪಕ್ಕದವರ ಮಾತೇ ಕೇಳಿಸಲ್ಲ. ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ತನಕ ಸರಿಯಾದ ಕಾಲ. ಹಾಸನ ಪೇಟೆಯ ಆರ್‌ಸಿಸಿ ಮನೆಯಾದರೆ ಈ ತಲೆನೋವು ಇಲ್ಲ, ಯಾವ ತಿಂಗಳಾದರೂ ನಡೆಯುತ್ತೆ.

ಶುರು ಸಂಜೆ 4ಕ್ಕೆ ಇಟ್ಟುಕೊಳ್ಳಿ. ಆಲೂರು, ಸಕಲೇಶಪುರ, ಬೇಲೂರು, ಮೂಡಿಗೆರೆ ಭಾಗದಲ್ಲಿ ಕತ್ತಲಾದ ಮೇಲೆ ಆನೆ ಕಾಟದಿಂದ ತೋಟದ ರಸ್ತೆಯಲ್ಲಿ ಓಡಾಡೋದು ಕಷ್ಟ. 4ಕ್ಕೆ ಶುರುವಾದರೆ ಐದೂಮುಕ್ಕಾಲಿಗೆ ಮುಗಿಯುತ್ತೆ. ಹೊರಡುವ ಮುಂಚೆ ಅರಣ್ಯ ಇಲಾಖೆಯಿಂದ ಬರುವ ಆನೆ ಸಂಚಾರದ ಸಂದೇಶ ನೋಡಿಕೊಳ್ಳಲಿ. ದೂರದವರು ಉಳಿಯೋ ಲೆಕ್ಕದಲ್ಲೇ ಬರಲಿ.

ನಾಲ್ಕು ಗಂಟೆಗೆ ಹೊರಗೆ ಇನ್ನೂ ಬೆಳಕಿರುತ್ತೆ, ಕೋಣೆ ಕತ್ತಲು ಮಾಡಬೇಕು. ಕಿಟಕಿಗೆ ಎರಡು ಪದರ ಗೋಣಿ ಅಥವಾ ಕಪ್ಪು ಟಾರ್ಪಾಲು ಕಟ್ಟಿ. ಕಣಕ್ಕೆ ಹೊದಿಸೋ ನೀಲಿ ಟಾರ್ಪಾಲು ಆಗಲ್ಲ, ಕೋಣೆಯೆಲ್ಲ ನೀಲಿಯಾಗುತ್ತೆ. ಹೆಂಚಿನ ಮನೆಯಲ್ಲಿ ಎಲ್ಲರೂ ಮರೆಯೋದು ಮಾಡಿನ ಗಾಜಿನ ಹೆಂಚು. ಒಂದೇ ಒಂದು ಗಾಜಿನ ಹೆಂಚು ಪರದೆಯ ನೆತ್ತಿಗೆ ಬಂದರೂ ಚಿತ್ರ ತೊಳೆದಿಟ್ಟ ಹಾಗೆ ಕಾಣುತ್ತೆ. ಒಳಗಿಂದ ರಟ್ಟು ಮುಚ್ಚಿ.

ಪ್ರತಿ ಎಲ್ಲಿಂದ

ಬಾಡಿಗೆಗೆ ಅಥವಾ ಚಂದಾದಲ್ಲಿ ಸಿಗುತ್ತಾ ಅಂತ ಒಂದು ವಾರ ಮುಂಚೆ ನೋಡಿ, ಈ ವೇದಿಕೆಗಳಲ್ಲಿ ಹಳೆ ಸಿನಿಮಾಗಳು ಬಂದು ಹೋಗುತ್ತಿರುತ್ತವೆ. ಮಳೆ ಬಂದರೆ ನೆಟ್‌ವರ್ಕ್ ನಂಬೋ ಹಾಗಿಲ್ಲ, ಮೊದಲೇ ಡೌನ್‌ಲೋಡ್ ಮಾಡಿಡಿ. ಆದರೆ ಆಪ್‌ನೊಳಗೆ ಇಳಿಸಿಕೊಂಡ ಸಿನಿಮಾ ಫೋನಿನ ಪರದೆಯಲ್ಲಿ ಚೆನ್ನಾಗಿ ಓಡಿ, ಕೇಬಲ್ ಹಾಕಿದ ಕೂಡಲೇ ಪ್ರೊಜೆಕ್ಟರಲ್ಲಿ ಕಪ್ಪಾಗಬಹುದು. ಪ್ರೊಜೆಕ್ಟರ್ ಎಚ್‌ಡಿಸಿಪಿ (ನಕಲು ತಡೆಯುವ ಬೀಗ) ಒಪ್ಪದಿದ್ದರೆ ಹೀಗಾಗುತ್ತೆ, ಹಿಂದಿನ ದಿನವೇ ಹಾಕಿ ನೋಡಿ. ಡಿಸ್ಕ್ ತರಿಸೋದಾದರೆ ರೀಜನ್ (ಯಾವ ದೇಶದ ಪ್ಲೇಯರಲ್ಲಿ ಓಡುತ್ತೆ ಅನ್ನೋ ಗುರುತು) ಗಮನಿಸಿ: ಅಮೆರಿಕದ ಬ್ಲೂ-ರೇ ರೀಜನ್ ಎ, ನಮ್ಮದು ಸಿ. ಡಿವಿಡಿಯಲ್ಲಿ ಅವರದು 1, ನಮ್ಮದು 5. ಎಲ್ಲ ರೀಜನ್ ಓದುವ ಪ್ಲೇಯರ್ ಇಲ್ಲದಿದ್ದರೆ ದುಡ್ಡು ನೀರಿಗೆ.

ಮನೆಯಲ್ಲಿ ನೆಂಟರು, ಸ್ನೇಹಿತರ ಜೊತೆ ನೋಡೋದು ಬೇರೆ. ಟಿಕೆಟ್ ಇಟ್ಟರೆ, ಸಮುದಾಯ ಭವನದಲ್ಲಿ ಊರಿಗೆಲ್ಲ ತೋರಿಸಿದರೆ ಹಕ್ಕುದಾರರ ಪರವಾನಗಿ ಬೇಕು.

ಪರದೆ, ಕರೆಂಟು

100 ಇಂಚಿನ ಪರದೆ ಅಂದರೆ ಸುಮಾರು 221 ಸೆಂ.ಮೀ. ಅಗಲ, 125 ಸೆಂ.ಮೀ. ಎತ್ತರ. ಪ್ರೊಜೆಕ್ಟರಿನ ಥ್ರೋ ರೇಶಿಯೊ (ಪರದೆಯ ಅಗಲದ ಎಷ್ಟು ಪಟ್ಟು ದೂರ ಅನ್ನೋ ಲೆಕ್ಕ) 1.5 ಇದ್ದರೆ ಗೋಡೆಯಿಂದ 3.3 ಮೀಟರ್ ದೂರ ಇಡಬೇಕು. ಈ ಸಿನಿಮಾದ ಚೌಕಟ್ಟು 1.85:1, ಮೇಲೆ ಕೆಳಗೆ ಎರಡೂವರೆ ಸೆಂ.ಮೀ.ನಷ್ಟು ಕಪ್ಪು ಪಟ್ಟಿ ಬಂದರೆ ಅದು ಸರಿಯೇ, ಹಿಗ್ಗಿಸಲು ಹೋಗಬೇಡಿ. ಸೊಟ್ಟ ಇಟ್ಟು, ಓರೆಯಾದ ಚಿತ್ರವನ್ನು ಚೌಕ ಮಾಡುವ ಕೀಸ್ಟೋನ್‌ನಲ್ಲಿ ತಿದ್ದಿದರೆ ಅಕ್ಷರದ ಅಂಚು ಮಸುಕಾಗುತ್ತೆ, ಕನ್ನಡದ ಒತ್ತಕ್ಷರಗಳು ಮೊದಲು ಕೆಡುತ್ತವೆ. ಪ್ರೊಜೆಕ್ಟರ್ ಕೆಳಗೆ ಪುಸ್ತಕ ಕೊಟ್ಟಾದರೂ ನೇರ ಮಾಡಿ.

ಬಣ್ಣಕ್ಕೆ ‘ಸಿನಿಮಾ’ ಮೋಡ್ ಹಾಕಿ, ‘ಡೈನಮಿಕ್’ ಬೇಡ. ಛಾಯಾಗ್ರಾಹಕ ಗಾರ್ಡನ್ ವಿಲ್ಲಿಸ್ ನ್ಯೂಯಾರ್ಕನ್ನು ಮೋಡದ ಬೆಳಕಿನಲ್ಲಿ, ಆಲ್ವಿಯ ಬಾಲ್ಯವನ್ನು ಹೊಂಬಣ್ಣದಲ್ಲಿ, ಕ್ಯಾಲಿಫೋರ್ನಿಯಾವನ್ನು ಕಣ್ಣು ಕುಕ್ಕೋ ಬಿಸಿಲಿನಲ್ಲಿ ಹಿಡಿದಿದ್ದಾರೆ. ಡೈನಮಿಕ್‌ನಲ್ಲಿ ಮೂರೂ ಒಂದೇ ಥರ ಹೊಳೆಯುತ್ತವೆ, ಕ್ಯಾಲಿಫೋರ್ನಿಯಾದ ಬಿಳಿ ಪೂರ್ತಿ ಸುಟ್ಟುಹೋಗುತ್ತೆ. ಟಿವಿಯಲ್ಲಿ ನೋಡುವವರು ಮೋಶನ್ ಸ್ಮೂದಿಂಗ್ (ಚಲನೆಯನ್ನು ನಯ ಮಾಡುವ ಸೆಟಿಂಗ್) ಆಫ್ ಮಾಡಲಿ.

ಕರೆಂಟ್ ಹೋಗೇ ಹೋಗುತ್ತೆ ಅಂತಲೇ ಲೆಕ್ಕ ಹಾಕಿ. ಪ್ರೊಜೆಕ್ಟರ್ 220 ವ್ಯಾಟ್, ಲ್ಯಾಪ್‌ಟಾಪ್ 50, ಸ್ಪೀಕರ್ 30, ಒಟ್ಟು 300. 12 ವೋಲ್ಟಿನ 150 ಎಎಚ್ ಬ್ಯಾಟರಿಯ ಇನ್ವರ್ಟರ್ ಇದನ್ನು ಮೂರು ಗಂಟೆಗೂ ಮೀರಿ ಎಳೆಯುತ್ತೆ, ಬ್ಯಾಟರಿ ತೀರಾ ಹಳೆಯದಲ್ಲದಿದ್ದರೆ. ತೊಂದರೆ ಆಗೋದು ಬದಲಾವಣೆಯ ಆ ಕ್ಷಣದಲ್ಲಿ. ಇನ್ವರ್ಟರಿನ ಹಿಂದಿನ ಸ್ವಿಚ್ ‘ನಾರ್ಮಲ್’ನಲ್ಲಿದ್ದರೆ ಪ್ರೊಜೆಕ್ಟರ್ ಆರಿಹೋಗುತ್ತೆ, ‘ಯುಪಿಎಸ್’ಗೆ ತಿರುಗಿಸಿದರೆ ಅದಕ್ಕೆ ಗೊತ್ತೇ ಆಗಲ್ಲ. ಲ್ಯಾಂಪ್ ಇರುವ ಪ್ರೊಜೆಕ್ಟರ್ ಒಮ್ಮೆ ಹಾಗೆ ಬಿಸಿಯಲ್ಲಿ ಆರಿದರೆ ಕೆಲವು ನಿಮಿಷ ತಣಿಯದೆ ಮತ್ತೆ ಹತ್ತಲ್ಲ. ಸೈನ್‌ವೇವ್ ಅಲ್ಲದ ಹಳೆ ಇನ್ವರ್ಟರ್ ಆದರೆ ಸ್ಪೀಕರ್‌ನಲ್ಲಿ ಗುಂಯ್ ಅನ್ನೋ ಸದ್ದು ಬರುತ್ತೆ. ಆಗ ಸ್ಪೀಕರನ್ನು ಅದರದ್ದೇ ಬ್ಯಾಟರಿಯಲ್ಲಿ ಓಡಿಸಿ.

ಸದ್ದು

ಸಿನಿಮಾ ಮೊನೊ, ಅಂದರೆ ಸದ್ದೆಲ್ಲ ಒಂದೇ ಟ್ರ್ಯಾಕಿನಲ್ಲಿದೆ. ಐದು ಸ್ಪೀಕರಿನ ಸೆಟ್ ತಂದು ಕೋಣೆಯ ಮೂಲೆಮೂಲೆಗೆ ಇಡೋದರಿಂದ ಏನೂ ಸಿಗಲ್ಲ. ಒಂದು ಒಳ್ಳೆಯ ಸ್ಪೀಕರ್, ಪರದೆಯ ನಡುವಿನ ಕೆಳಗೆ, ಕೂತವರ ಕಿವಿಯ ಎತ್ತರಕ್ಕೆ. ‘ವರ್ಚುವಲ್ ಸರೌಂಡ್’, ‘ಬಾಸ್ ಬೂಸ್ಟ್’ ಎರಡನ್ನೂ ತೆಗೆಯಿರಿ, ಇವು ಮಾತನ್ನು ಹಿಂದಕ್ಕೆ ತಳ್ಳುತ್ತವೆ. ಬ್ಲೂಟೂತ್ ಬದಲು ವೈರ್ ಹಾಕಿ. ತುಟಿಗೂ ಮಾತಿಗೂ ತಾಳ ತಪ್ಪಿದರೆ ಆಲ್ವಿಯ ಹಾಸ್ಯ ಸತ್ತ ಹಾಗೆ. ಹೆಂಚಿನ ಮನೆಯಾದರೆ ಮೇಲೆ ಮರದ ಅಟ್ಟ ಇರುವ ಕೋಣೆ ಆರಿಸಿಕೊಳ್ಳಿ, ಮಳೆ ಸದ್ದು ಅರ್ಧಕ್ಕರ್ಧ ಕಮ್ಮಿ. ರೆಡ್ ಆಕ್ಸೈಡ್ ನೆಲದ ಖಾಲಿ ಹಾಲ್‌ನಲ್ಲಿ ಮಾತು ಗುಂಯ್‌ಗುಡುತ್ತೆ, ಜಮಖಾನ ಹಾಸಿ.

ಶುರುವಿನಲ್ಲಿ ಒಂದು ಮೋಸ ಇದೆ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದ ಹೆಸರುಗಳು ಬರೋವಾಗ ಸದ್ದೇ ಇಲ್ಲ. ಸ್ಪೀಕರ್ ಕೆಟ್ಟಿದೆ ಅಂತ ವಾಲ್ಯೂಮ್ ಏರಿಸಿದವರಿಗೆ ಮುಂದಿನ ಕ್ಷಣ ಆಲ್ವಿ ಕ್ಯಾಮೆರಾ ನೋಡಿ ಬಾಯಿ ತೆಗೆದಾಗ ಕಿವಿ ಒಡೆಯುತ್ತೆ, ತಗ್ಗಿಸೋ ಗಡಿಬಿಡಿಯಲ್ಲಿ ಮೊದಲ ಜೋಕು ಹೋಗುತ್ತೆ. ವಾಲ್ಯೂಮನ್ನು ಮುಂಚೆಯೇ ಯಾವುದಾದರೂ ಮಾತಿನ ದೃಶ್ಯದಲ್ಲಿ ಹೊಂದಿಸಿ, ಹೆಸರು ಬರೋವಾಗ ಮುಟ್ಟಬೇಡಿ.

ಕೆಳಗಿನ ಸಾಲುಗಳು

ಇಂಗ್ಲಿಷ್ ಸಿನಿಮಾ ನೋಡಿ ಪಳಗಿದವರಿಗೂ ಇಲ್ಲಿ ಸಬ್‌ಟೈಟಲ್ ಬೇಕು. ನ್ಯೂಯಾರ್ಕಿನ ವೇಗ, ಮಾತಿನ ಮೇಲೆ ಮಾತು. ಇಂಗ್ಲಿಷ್ ಸಬ್‌ಟೈಟಲ್ ಸಾಕೆನ್ನುವ ಗುಂಪಾದರೆ ಸರಿ. ಅತ್ತೆ, ಮಾವ, ತೋಟದ ರೈಟರ್ ಎಲ್ಲ ಕೂರುವ ಹಾಗಿದ್ದರೆ ಕನ್ನಡದ್ದು ಬೇಕು, ಸಿಗದಿದ್ದರೆ ನೀವೇ ಮಾಡಿಕೊಳ್ಳಬೇಕು. ಸಾವಿರಕ್ಕೂ ಮೀರಿದ ಸಾಲುಗಳು, ಇಬ್ಬರು ಹಂಚಿಕೊಂಡರೆ ಒಂದು ವಾರದ ರಾತ್ರಿಗಳು ಬೇಕು.

ಉಚಿತವಾಗಿ ಸಿಗುವ ‘ಸಬ್‌ಟೈಟಲ್ ಎಡಿಟ್’ ತಂತ್ರಾಂಶದಲ್ಲಿ ಇಂಗ್ಲಿಷ್ ಎಸ್‌ಆರ್‌ಟಿ ಫೈಲ್ (ಸಾಲುಗಳೂ ಅವು ಬರುವ ಸಮಯವೂ ಇರುವ ಸಬ್‌ಟೈಟಲ್ ಫೈಲ್) ತೆರೆದು ಸಾಲಿನ ಜಾಗದಲ್ಲಿ ಕನ್ನಡ ಕೂರಿಸುತ್ತಾ ಹೋಗಿ, ಸಮಯ ಹಾಗೇ ಉಳಿಯುತ್ತೆ. ಸೇವ್ ಮಾಡುವಾಗ ಎನ್‌ಕೋಡಿಂಗ್ ಯುಟಿಎಫ್-8 ಇರಬೇಕು, ಇಲ್ಲದಿದ್ದರೆ ಬರೀ ಪ್ರಶ್ನಾರ್ಥಕ ಚಿಹ್ನೆಗಳು. ಫೈಲಿನ ಹೆಸರು ಸಿನಿಮಾ ಫೈಲಿನ ಹೆಸರೇ ಆಗಿರಲಿ. ಟಿವಿಯ ಯುಎಸ್‌ಬಿಗೆ ನೇರ ಚುಚ್ಚಬೇಡಿ, ಹಲವು ಟಿವಿಗಳಲ್ಲಿ ಕನ್ನಡ ಚೌಕಗಳಾಗಿಯೋ ಒತ್ತು ಬಿಡಿಬಿಡಿಯಾಗಿಯೋ ಬರುತ್ತೆ. ಲ್ಯಾಪ್‌ಟಾಪಿನಲ್ಲಿ ವಿಎಲ್‌ಸಿ ಹಾಕಿ, ಅದರ ಸಬ್‌ಟೈಟಲ್ ಫಾಂಟನ್ನು ‘ನಿರ್ಮಲಾ ಯುಐ’ ಅಥವಾ ‘ನೋಟೊ ಸಾನ್ಸ್ ಕನ್ನಡ’ಕ್ಕೆ ಬದಲಿಸಿ, ಎಚ್‌ಡಿಎಂಐನಲ್ಲಿ ಕೊಡಿ.

ಸಾಲು ಒಂದೇ ಸಮನೆ ಮುಂದೆ ಅಥವಾ ಹಿಂದೆ ಇದ್ದರೆ ವಿಎಲ್‌ಸಿಯಲ್ಲಿ ‘ಜಿ’ ಒತ್ತಿದರೆ ಬೇಗ, ‘ಎಚ್’ ಒತ್ತಿದರೆ ತಡ, ಒಂದೊಂದು ಒತ್ತಿಗೆ 50 ಮಿಲಿಸೆಕೆಂಡ್. ಶುರುವಿನಲ್ಲಿ ಸರಿಯಿದ್ದು ಹೋಗ್ತಾ ಹೋಗ್ತಾ ತಪ್ಪಿದರೆ ಕಾರಣ ಬೇರೆ. ಯುರೋಪಿನ ಪಾಲ್ ಎಂಬ ಟಿವಿ ಪದ್ಧತಿಯ ಡಿವಿಡಿಯಲ್ಲಿ ಸಿನಿಮಾ ಸೆಕೆಂಡಿಗೆ 25 ಚೌಕಟ್ಟಿನಂತೆ ಓಡಿ 89 ನಿಮಿಷಕ್ಕೇ ಮುಗಿಯುತ್ತೆ. 24ರ ಲೆಕ್ಕದ ಸಬ್‌ಟೈಟಲ್ ಅದಕ್ಕೆ ಹಾಕಿದರೆ ಕೊನೆಗೆ ಹತ್ತಿರ ಹತ್ತಿರ ನಾಲ್ಕು ನಿಮಿಷ ಹಿಂದೆ ಬೀಳುತ್ತೆ. ಜಿ, ಎಚ್ ಒತ್ತಿ ಸಾಗಲ್ಲ. ಸಬ್‌ಟೈಟಲ್ ಎಡಿಟ್‌ನಲ್ಲಿ ಫ್ರೇಮ್ ರೇಟನ್ನು 23.976ರಿಂದ 25ಕ್ಕೆ ಬದಲಿಸಿ.

ಅನುವಾದದಲ್ಲಿ ಎರಡು ಸಾಲಿನ ಮೇಲೆ ಹೋಗಬೇಡಿ. ಒಂದು ಸೆಕೆಂಡಿಗಿಂತ ಕಮ್ಮಿ ಹೊತ್ತು ನಿಂತರೆ ಕಣ್ಣಿಗೆ ಬೀಳಲ್ಲ, ಏಳು ಸೆಕೆಂಡ್ ಮೀರಿದರೆ ಜನ ಅದನ್ನೇ ಎರಡನೇ ಸಲ ಓದ್ತಾರೆ. ಆಲ್ವಿಯ ಎಲ್ಲ ಗೊಣಗಾಟ ಹಿಡಿಯಬೇಕಿಲ್ಲ, ಕಾಲು ಭಾಗ ಬಿಟ್ಟರೂ ನಷ್ಟವಿಲ್ಲ. ಬಿಡಬಾರದ್ದು ಜೋಕಿನ ಕೊನೆ, ಅದೂ ಅವನು ಹೇಳುವ ಮುಂಚೆ ಪರದೆಗೆ ಬರಬಾರದು. ಮೊದಲ ಜೋಕನ್ನೇ ನೋಡಿ. ಬೆಟ್ಟದ ಹೋಟೆಲಿನಲ್ಲಿ ಇಬ್ಬರು ಅಜ್ಜಿಯರು. “ಇಲ್ಲಿನ ಊಟ ಬಾಯಿಗಿಡೋ ಹಾಗಿಲ್ಲ” ಒಂದು ಸಾಲು. “ಹೂಂ ಕಣೇ, ಬಡಿಸೋದೂ ಇಷ್ಟೇ ಇಷ್ಟು” ಇನ್ನೊಂದು. ಎರಡನ್ನೂ ಒಟ್ಟಿಗೆ ಹಾಕಿದರೆ ಕೋಣೆ ಮೊದಲೇ ನಕ್ಕುಬಿಡುತ್ತೆ, ಬದುಕೂ ನನಗೆ ಹೀಗೇ ಅನ್ನಿಸುತ್ತೆ ಅಂತ ಅವನು ಸೇರಿಸೋದು ಆ ನಗೆಯಲ್ಲಿ ಮುಳುಗುತ್ತೆ. ಇಡೀ ಸಿನಿಮಾದ ಕೀಲಿಕೈ ಅದು.

ಇನ್ನೊಂದು ಕಡೆ ಎಲ್ಲರೂ ಎಡವುತ್ತಾರೆ. ಟೆನಿಸ್ ಆಡಿ ಆನಿಯ ಮನೆಗೆ ಬಂದ ಮೇಲೆ ಇಬ್ಬರೂ ಬಾಲ್ಕನಿಯಲ್ಲಿ ಛಾಯಾಗ್ರಹಣದ ಬಗ್ಗೆ ದೊಡ್ಡ ಮಾತಾಡುತ್ತಾರೆ. ಆಗ ಅವರ ಮನಸ್ಸಿನ ನಿಜವಾದ ಯೋಚನೆಗಳು ಇಂಗ್ಲಿಷ್ ಅಕ್ಷರದಲ್ಲಿ ಚಿತ್ರದ ಮೇಲೇ ಅಚ್ಚಾಗಿ ಬರುತ್ತವೆ. ನಿಮ್ಮ ಸಬ್‌ಟೈಟಲ್ ಅದರ ಮೇಲೆ ಕೂತರೆ ಎರಡೂ ಓದಲಾಗಲ್ಲ, ಸಿನಿಮಾದ ಅತ್ಯಂತ ಜಾಣ ದೃಶ್ಯ ಹಾಳು. ಆ ಸಾಲುಗಳನ್ನೆಲ್ಲ ಆರಿಸಿ ಅಲೈನ್‌ಮೆಂಟ್ ‘ಟಾಪ್ ಸೆಂಟರ್’ ಮಾಡಿ. ಆಡುವ ಮಾತನ್ನು ಇಲ್ಲಿ ಚುಟುಕಾಗಿಸಿ, ಯೋಚನೆಯನ್ನು ಕಂಸದೊಳಗೆ ಪೂರ್ತಿ ಕೊಡಿ. ನಗು ಇರೋದು ಯೋಚನೆಯಲ್ಲಿ.

ಪರದೆ ಎರಡು ಭಾಗವಾಗುವ ದೃಶ್ಯಗಳಿಗೆ (ಎರಡು ಮನೆಯ ಊಟ, ಇಬ್ಬರು ವಿಶ್ಲೇಷಕರು) ಪ್ರತಿ ಮಾತಿಗೂ ಹೆಸರು ಸೇರಿಸಿ. ವಿಶ್ಲೇಷಕರ ದೃಶ್ಯದಲ್ಲಿ ಎಷ್ಟು ಸಲ ಕೂಡುತ್ತೀರಿ ಅನ್ನೋ ಪ್ರಶ್ನೆಗೆ ಅವನಿಗೆ ವಾರಕ್ಕೆ ಮೂರು ಸಲ ಅಂದರೆ ಇಲ್ಲವೆನ್ನುವಷ್ಟು ಕಮ್ಮಿ, ಅವಳಿಗೆ ಅದೇ ಮೂರು ಸಲ ಸದಾಕಾಲ. ಸಂಖ್ಯೆ ಎರಡೂ ಕಡೆ ಒಂದೇ ಪದದಲ್ಲಿ ಬರಲಿ.

ಶುರುವಿಗೆ ಮುನ್ನ ಐದು ನಿಮಿಷ

ಕರೆಯುವಾಗಲೇ ಹೇಳಿಬಿಡಿ: ಲೈಂಗಿಕತೆಯ ಮಾತು ಬಹಳ, ಕೊಕೇನ್ ಇದೆ. ಅಮೆರಿಕದಲ್ಲಿ ಆಗ ಪಿಜಿ (ಹೆತ್ತವರ ವಿವೇಚನೆಯಂತೆ ಮಕ್ಕಳೂ ನೋಡಬಹುದಾದ) ಪ್ರಮಾಣಪತ್ರ ಸಿಕ್ಕಿದ್ದರೂ ಮಕ್ಕಳಿಗಲ್ಲ. ವುಡಿ ಅಲೆನ್ ಸಾಕುಮಗಳ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದರೆಂಬ 1992ರ ಆರೋಪವನ್ನೂ ಯಾರಾದರೂ ಎತ್ತುತ್ತಾರೆ. ಅವರು ಅದನ್ನು ಅಲ್ಲಗಳೆಯುತ್ತಲೇ ಬಂದಿದ್ದಾರೆ, ಕ್ರಿಮಿನಲ್ ಮೊಕದ್ದಮೆ ಹೂಡಲಾಗಿಲ್ಲ. ಇದೇ ಕಾರಣಕ್ಕೆ ಅವರ ಸಿನಿಮಾ ನೋಡಲ್ಲ ಅನ್ನುವವರನ್ನು ಒತ್ತಾಯ ಮಾಡಬೇಡಿ. ಆ ಚರ್ಚೆ ಸಿನಿಮಾಕ್ಕೆ ಮೊದಲೋ ಆಮೇಲೋ ಆಗಲಿ, ನಡುವೆ ಬೇಡ.

ಆಸ್ಕರ್ ಪಟ್ಟಿ ಓದಿ ನಿರೀಕ್ಷೆ ಏರಿಸಬೇಡಿ. 1978ರಲ್ಲಿ ಚಿತ್ರ, ನಿರ್ದೇಶನ, ಚಿತ್ರಕಥೆ, ನಟಿ ನಾಲ್ಕೂ ಇದಕ್ಕೆ ಬಂದವು, ‘ಸ್ಟಾರ್ ವಾರ್ಸ್’ ಅತ್ಯುತ್ತಮ ಚಿತ್ರದ ಸ್ಪರ್ಧೆಯಲ್ಲಿ ಸೋತಿತು. ಇದನ್ನು ಕೇಳಿದವರು ಭಾರಿ ಏನೋ ಬರುತ್ತೆ ಅಂತ ಕಾದು ಕೂರುತ್ತಾರೆ. ಅದರ ಬದಲು ಇಷ್ಟು ಸಾಕು. ಘಟನೆಗಳು ನಡೆದ ಕ್ರಮದಲ್ಲಿಲ್ಲ, ಆಲ್ವಿಗೆ ನೆನಪಾದ ಕ್ರಮದಲ್ಲಿವೆ. ಅವನಿಗೆ ಮೊದಲೇ ಎರಡು ಮದುವೆ ಆಗಿ ಮುರಿದಿವೆ, ಮೊದಲನೆಯವಳು ಆಲಿಸನ್, ಎರಡನೆಯವಳು ರಾಬಿನ್. ಅವನೂ ಗೆಳೆಯ ರಾಬ್‌ನೂ ಒಬ್ಬರನ್ನೊಬ್ಬರು ‘ಮ್ಯಾಕ್ಸ್’ ಅಂತ ಕರೆಯುತ್ತಾರೆ, ಮ್ಯಾಕ್ಸ್ ಅನ್ನೋ ಮೂರನೆಯವನು ಇಲ್ಲ. ಸಿನಿಮಾ ಥಿಯೇಟರ್ ಸಾಲಿನಲ್ಲಿ ಬರುವ ಮಾರ್ಷಲ್ ಮೆಕ್ಲುಹಾನ್ ನಿಜವಾದ ಮಾಧ್ಯಮ ಚಿಂತಕ, ಕೆನಡಾದವರು, ಪಾತ್ರ ಮಾಡಿದ್ದು ಅವರೇ. ಇದು ಗೊತ್ತಿಲ್ಲದವರಿಗೆ ಆ ದೃಶ್ಯದಲ್ಲಿ ಯಾರೋ ಮುದುಕ ಬಂದು ಬೈದು ಹೋದ ಅಂತಷ್ಟೇ ಆಗುತ್ತೆ.

ತಡವಾಗಿ ಬಂದವರಿಗೆ ಬಾಗಿಲು ತೆಗೆಯಬೇಡಿ. ಆಲ್ವಿಯೂ ಸ್ವೀಡನ್ನಿನ ನಿರ್ದೇಶಕ ಬರ್ಗ್‌ಮನ್‌ರ ಸಿನಿಮಾ ಎರಡು ನಿಮಿಷ ದಾಟಿದೆ ಅಂತ ಒಳಗೇ ಹೋಗದೆ, ನಾಜಿ ಆಕ್ರಮಣದ ಫ್ರಾನ್ಸಿನ ಬಗೆಗಿನ ನಾಲ್ಕು ಗಂಟೆಯ ಸಾಕ್ಷ್ಯಚಿತ್ರಕ್ಕೆ ಆನಿಯನ್ನು ಎಳೆದುಕೊಂಡು ಹೋಗುವವನು.

ಓಡುವಾಗ ಗಮನಿಸಬೇಕಾದ್ದು

ಆರಂಭದಲ್ಲಿ ಒಂದು ರಸ್ತೆ ಕಾಣುತ್ತೆ, ಇಬ್ಬರ ಮಾತು ಹತ್ತಿರದಲ್ಲೇ ಇರೋ ಹಾಗೆ ಕೇಳಿಸುತ್ತೆ, ಜನ ಮಾತ್ರ ಕಾಣಲ್ಲ. ಆಲ್ವಿ ಮತ್ತು ರಾಬ್ ದೂರದಿಂದ ನಡೆದು ಬರುತ್ತಿರುತ್ತಾರೆ. ಮಂಕು ಪ್ರೊಜೆಕ್ಟರಿನಲ್ಲಿ ಇದನ್ನು ನೋಡಿ ಚಿತ್ರ ನಿಂತಿದೆ ಅಂತ ರಿಮೋಟ್ ಒತ್ತುವವರಿದ್ದಾರೆ. ಇಂಥ ಉದ್ದ ಶಾಟುಗಳು ಇಲ್ಲಿ ಮಾಮೂಲು, ತಾಳ್ಮೆಯಿಂದ ಬಿಡಿ.

ಲಾಬ್‌ಸ್ಟರ್ ದೃಶ್ಯಕ್ಕೆ ಮಲೆನಾಡಿನವರಿಗೆ ಟಿಪ್ಪಣಿ ಬೇಕಿಲ್ಲ. ಗದ್ದೆ ಬದುವಿನ ಬಿಲಕ್ಕೆ ಕೈ ಹಾಕಿ ಏಡಿ ಎಳೆದು ಸಾರು ಮಾಡುವವರ ಮುಂದೆ, ಅಡುಗೆಮನೆ ನೆಲದಲ್ಲಿ ಹರಿದಾಡೋ ಲಾಬ್‌ಸ್ಟರಿಗೆ ಬೆಚ್ಚಿ ಹಾರೋ ಗಂಡಸು ಬಂದರೆ ಕೋಣೆ ಬಿದ್ದೂಬಿದ್ದೂ ನಗುತ್ತೆ. ನಗಲಿ, ಆದರೆ ಆನಿ ಹೇಗೆ ನಗುತ್ತಾಳೆ ಅನ್ನೋದನ್ನು ನೋಡಿಟ್ಟುಕೊಳ್ಳಲು ಹೇಳಿ. ಮುಂದೆ ಆಲ್ವಿ ಇದೇ ಲಾಬ್‌ಸ್ಟರ್ ಆಟವನ್ನು ಬೇರೊಬ್ಬಳ ಜೊತೆ ಆಡಲು ಹೋಗ್ತಾನೆ. ಅವಳಿಗೆ ಅದರಲ್ಲಿ ತಮಾಷೆಯೇ ಕಾಣಲ್ಲ, ಮುಖದಲ್ಲಿ ಒಂದು ಗೆರೆ ಅಲುಗಲ್ಲ. ಆಲ್ವಿ ಏನು ಕಳಕೊಂಡ ಅಂತ ಸಿನಿಮಾ ಬಾಯಿಬಿಟ್ಟು ಹೇಳದೆ ತೋರಿಸೋದು ಅಲ್ಲಿ. ಮೊದಲನೆಯದು ಸರಿಯಾಗಿ ನೋಡದವರಿಗೆ ಎರಡನೆಯದು ಬರೀ ಬೋರು.

ಆನಿಯ ಬಟ್ಟೆಗಳ ಮೇಲೂ ಕಣ್ಣಿರಲಿ. ಗಂಡಸರ ವೇಸ್ಟ್‌ಕೋಟು, ಟೈ, ದೊಗಲೆ ಪ್ಯಾಂಟು: ಇದು ಆನಿಯ ಪಾತ್ರ ಮಾಡಿದ ಡಯಾನ್ ಕೀಟನ್ ಅವರ ಸ್ವಂತ ಶೈಲಿ. ಹುಟ್ಟುಹೆಸರು ಡಯಾನ್ ಹಾಲ್, ಅಡ್ಡಹೆಸರು ಆನಿ. 2025ರ ಅಕ್ಟೋಬರಿನಲ್ಲಿ ತೀರಿಕೊಂಡರು. ಮೊದಲ ಹಾಡು ಹಾಡುವಾಗ ಕ್ಲಬ್ಬಿನಲ್ಲಿ ಯಾರೂ ಕೇಳಿಸಿಕೊಳ್ಳಲ್ಲ, ತಟ್ಟೆ ಬೀಳುತ್ತೆ, ಫೋನ್ ಹೊಡೆಯುತ್ತೆ. ಎರಡನೇ ಹಾಡಿಗೆ ಕೋಣೆ ಅವಳದ್ದು. ಅಲ್ಲಿಂದ ಮುಂದೆ ಆಲ್ವಿ ಹಿಂದೆ ಬೀಳ್ತಾನೆ, ಅವಳು ಬೆಳೀತಾಳೆ.

ಮಧ್ಯಂತರ ಬೇಡ. ಕಾಫಿ ಇಲ್ಲದೆ ಆಗೋದೇ ಇಲ್ಲ ಅನ್ನುವ ಮನೆಯಾದರೆ ಕ್ಯಾಲಿಫೋರ್ನಿಯಾಕ್ಕೆ ಹೊರಡುವ ಮುನ್ನ ನಿಲ್ಲಿಸಿ. ಹತ್ತು ಜನಕ್ಕೆ 100 ಗ್ರಾಂ ಪುಡಿ, ಅರ್ಧ ಲೀಟರ್ ಕುದಿ ನೀರು. ಸಿನಿಮಾ ಶುರುವಿಗೆ ಮೊದಲೇ ಫಿಲ್ಟರಿಗೆ ಹಾಕಿಟ್ಟರೆ ಡಿಕಾಕ್ಷನ್ ಇಳಿದಿರುತ್ತೆ, ಹಾಲು ಕಾಯಿಸೋದಷ್ಟೇ ಉಳಿಯುತ್ತೆ. ಚಕ್ಕುಲಿ, ನಿಪ್ಪಟ್ಟು, ಪ್ಲಾಸ್ಟಿಕ್ ಪೊಟ್ಟಣದ ಮಿಕ್ಸ್ಚರ್ ಕೊಡಬೇಡಿ. ಹತ್ತು ಬಾಯಿಯ ಕಟಕಟ ಮಳೆಗಿಂತ ಜೋರು. ಕಡುಬು, ಹಲ್ವ, ಬಾಳೆಹಣ್ಣು, ಸದ್ದಿಲ್ಲದ್ದು ಯಾವುದಾದರೂ ಆದೀತು.

ಇಬ್ಬರೂ ಬೀದಿಯಲ್ಲಿ ಕೈಕುಲುಕಿ ಬೇರೆಯಾದ ಕೂಡಲೇ ಮುಗಿಯಿತು ಅಂತ ಲೈಟ್ ಹಾಕಬೇಡಿ. ಕೋಳಿ, ಮೊಟ್ಟೆಯ ಕೊನೆಯ ಜೋಕು ಆ ಶಾಟಿನ ಮೇಲೆ ಆಲ್ವಿಯ ಧ್ವನಿಯಲ್ಲಿ ಬರುತ್ತೆ. ಸ್ವಿಚ್ ಬಳಿ ಕೂತವರಿಗೆ ಮೊದಲೇ ಹೇಳಿಡಿ.

ಪ್ರೊಜೆಕ್ಟರನ್ನು ರಿಮೋಟಲ್ಲಿ ಆರಿಸಿ, ಫ್ಯಾನ್ ತಾನಾಗಿ ನಿಲ್ಲುವ ತನಕ ಪ್ಲಗ್ ಕೀಳಬೇಡಿ. ಮಲೆನಾಡಿನ ತೇವಕ್ಕೆ ಲೆನ್ಸಿನಲ್ಲಿ ಬೂಷ್ಟು ಹಿಡಿಯುತ್ತೆ, ಪೂರ್ತಿ ತಣಿದ ಮೇಲೆ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ನೀಲಿ ಹರಳು ಗುಲಾಬಿ ಬಣ್ಣಕ್ಕೆ ತಿರುಗಿದರೆ ಅಡುಗೆಗೆ ಬಳಸದ ಹಳೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಮತ್ತೆ ನೀಲಿಯಾಗುವ ತನಕ ಬಿಸಿ ಮಾಡಿ ವಾಪಸ್ ಹಾಕಿ. ಪರದೆಗೆ ಬಳಸಿದ ಬಟ್ಟೆಯನ್ನು ಮಡಚದೆ ಸುತ್ತಿಡಿ, ಮಡಿಕೆಯ ಗೆರೆ ಮುಂದಿನ ಸಲ ಸಬ್‌ಟೈಟಲಿನ ಮೇಲೇ ಬಂದು ಕೂರುತ್ತೆ.